ಪಾರಮ್ಮನ ಬರಿ ಪಾತ್ರೆ

ನಮ್ಮ ಅತ್ತೆ ಪಾರಮ್ಮ ಯಾರ ಮನೆಯ ಪಾತ್ರೆ ತಂದರೂ ಬರಿದಾಗಿಯೇ ವಾಪಸು ಕೊಡುತ್ತಿದ್ದಳು. ಕುರುಗೋಡಿನ ನಮ್ಮ ಓಣಿಯಲ್ಲಿ ಇದಕ್ಕಾಗಿ ಅವಳಿಗೆ ಬಿದ್ದಷ್ಟು ಬೈಗುಳ ಇನ್ಯಾರಿಗೂ ಬಿದ್ದಿರಲಿಕ್ಕಿಲ್ಲ. ಮಜ್ಜಿಗೆ ತಂದ ತಂಬಿಗೆಯಾಗಲಿ, ಸಾರು ತಂದ ಬಟ್ಟಲಾಗಲಿ, ನಮ್ಮ ಕಡೆ ಬರಿದು ಕೊಡುವ ಪದ್ಧತಿಯೇ ಇಲ್ಲ. ಒಂದು ಹಿಡಿ ಜೋಳ, ಒಂದು ಚೂರು ಬೆಲ್ಲ, ಏನೂ ಇಲ್ಲದಿದ್ದರೆ ಒಂದಿಷ್ಟು ನೀರನ್ನಾದರೂ ಹಾಕಿ ಕೊಡಬೇಕು. ಬರಿ ಪಾತ್ರೆ ಹೋದರೆ ಮನೆ ಬರಿದಾಗುತ್ತದೆ ಎಂಬ ಅಂಜಿಕೆ. ಅತ್ತೆ ಮಾತ್ರ ತೊಳೆದು, ಬಿಸಿಲಿಗೆ ಒಣಗಿಸಿ, ಬೋರಲಾಗಿ ಹಿಡಿದು ಕೊಡುತ್ತಿದ್ದಳು. ಜಿಪುಣಿ ಎಂದರು, ಕೆಟ್ಟ ಕಾಲ್ಗುಣದವಳು ಎಂದರು. ಅನ್ನುವವರ ಬಾಯಿಗೇನು ಬೀಗ ಇರುತ್ತದೆಯೇ? ಆದರೆ ಅವಳು ಮೊದಲಿನಿಂದ ಹಾಗಿದ್ದವಳಲ್ಲ. ಆ ಔಷಧದ ಸೀಸೆ ಪಕ್ಕದ ಮನೆಗೆ ಹೋಗಿ ವಾಪಸು ಬಂದ ಮೇಲೆ ಹಾಗಾದಳು.

ಅತ್ತೆಗೆ ಇದ್ದದ್ದು ಒಂದೇ ಕಣ್ಣು. ಎಡಗಣ್ಣು ಚಿಕ್ಕಂದಿನಲ್ಲೇ, ಸಿರಿಗೇರಿಯ ತವರುಮನೆಯಲ್ಲಿ, ಸಿಡುಬಿಗೆ ಹೋಗಿತ್ತು. ಗಂಡ ತೀರಿಕೊಂಡ ಮೇಲೆ ಕೌದಿ ಹೊಲಿದು ಒಬ್ಬನೇ ಮಗನನ್ನು ಸಾಕಿದಳು. ಹಳೇ ಸೀರೆ, ಹರಿದ ಧೋತರ ಏನು ಕೊಟ್ಟರೂ ಅವಳ ಕೈಯಲ್ಲಿ ಕೌದಿಯಾಗಿ, ಹೊಲಿಗೆ ಇರುವೆ ಸಾಲಿನ ಹಾಗೆ ನೆಟ್ಟಗೆ ಹೋಗುತ್ತಿತ್ತು. ಮೋಕದಿಂದ, ಸಿರುಗುಪ್ಪದಿಂದ ಮದುವೆ ಮನೆಯವರು ಹುಡುಕಿಕೊಂಡು ಬರುತ್ತಿದ್ದರು. “ಒಂದಾ ಐತಿ ಬಿಡು, ಎರಡರ ಕೆಲಸ ಮಾಡತೈತಿ,” ಎಂದು ನಗುತ್ತಿದ್ದಳು. “ಈ ಕಣ್ಣ ಇರೋತನಕ ನಾ ಯಾರ ಹಂಗಿನಾಗೂ ಇಲ್ಲ.” ಅಂಥ ಮಾತನ್ನು ಅಷ್ಟು ಗಟ್ಟಿಯಾಗಿ ಯಾಕೆ ಆಡಬೇಕು ಎಂದು ಒಳಗೊಳಗೇ ಬೈದುಕೊಳ್ಳುತ್ತಿದ್ದೆ.

ನಾನು ಸೊಸೆಯಾಗಿ ಬಂದ ಮರುವರ್ಷ, ಊರೆಲ್ಲ ಮೊದಲ ಓಟಿನ ಮಾತಾಡುತ್ತಿದ್ದ ಆ ಚಳಿಗಾಲದಲ್ಲಿ, ಅತ್ತೆ ಸಿರುಗುಪ್ಪದ ತಮ್ಮನ ಮನೆಗೆ ಸುಗ್ಗಿಗೆ ಹೋದಳು. ಕಣದಲ್ಲಿ ಭತ್ತ ತೂರುವಾಗ ಗಾಳಿ ತಿರುಗಿ ಹೊಟ್ಟಿನ ಚೂರೊಂದು ಕಣ್ಣಿಗೆ ಬಡಿಯಿತು. ಒಳ್ಳೆಯ ಕಣ್ಣಿಗೇ! ಊರಿಗೆ ಬರುವಷ್ಟರಲ್ಲಿ ಕಣ್ಣು ಕೆಂಡದಂತಾಗಿತ್ತು. ಬೆಳಿಗ್ಗೆ ಎದ್ದರೆ ಕೀವಿಗೆ ರೆಪ್ಪೆ ಅಂಟಿಕೊಂಡು ಬಿಡಿಸಲು ಬರುತ್ತಿರಲಿಲ್ಲ. ಪಕ್ಕದ ಮನೆಯ ಗಂಗಕ್ಕ ಬಂದು ಎದೆಹಾಲು ಹಿಂಡಿಸೋಣ ಎಂದಳು, ಅರಿಸಿನದ ಪಟ್ಟಿ ಕಟ್ಟೋಣ ಎಂದಳು. ನಾನು ಒಪ್ಪಲಿಲ್ಲ. ನಮ್ಮ ಮನೆಯವರು ಅತ್ತೆಯನ್ನೂ ನನ್ನನ್ನೂ ಬಸ್ಸು ಹತ್ತಿಸಿ ಬಳ್ಳಾರಿಯ ಆಸ್ಪತ್ರೆಗೆ ಕರೆದುಕೊಂಡು ಹೋದರು.

ವಯಸ್ಸಾದ ಡಾಕ್ಟರು ಬಹಳ ಹೊತ್ತು ನೋಡಿದರು. ಕರಿ ಗುಡ್ಡೆಯ ಮೇಲೆ ಗೀರು ಬಿದ್ದು ಕೀವು ಹಿಡಿದಿದೆ ಎಂದು ಹೇಳಿ, ಒಂದು ಸಣ್ಣ ಸೀಸೆಯನ್ನೂ ರಬ್ಬರು ತುದಿಯ ಗಾಜಿನ ಕೊಳವೆಯನ್ನೂ ನನ್ನ ಕೈಯಲ್ಲಿಟ್ಟರು.

“ಇದು ಪೆನಿಸಿಲಿನ್ ಹನಿ. ಕೈ ಸಾಬೂನು ಹಚ್ಚಿ ತೊಳಕೊಂಡು ಹಾಕ್ರಿ. ಈ ಗಾಜಿನ ತುದಿ ಕಣ್ಣಿಗಾಗಲಿ ರೆಪ್ಪಿಗಾಗಲಿ ಮುಟ್ಟಬಾರದು. ಸೀಸಿ ತಂಪಿನಾಗ ಇಡ್ರಿ. ಕೆಂಪು ಇಳೀತು ಅಂತ ನಡುವ ಬಿಡಬ್ಯಾಡ್ರಿ, ಒಂದು ವಾರ ಹಾಕಿ, ಉಳಿದದ್ದು ಚೆಲ್ಲಿ, ಮತ್ತ ನನಗ ತೋರಸ್ರಿ. ಇದು ನಿಮ್ಮ ಅತ್ತಿ ಒಬ್ಬರಿಗೇ. ಬ್ಯಾರೆಯವರ ಕಣ್ಣಿಗೆ ಹಾಕಿದ್ರ ಅವರ ಕೀವು ಇದರಾಗ ಬರತೈತಿ. ತಿಳೀತಾ? ಇರೋದು ಒಂದಾ ಕಣ್ಣು.”

ಕೊನೆಯ ಮಾತನ್ನು ಅವರು ಅತ್ತೆಯನ್ನು ನೋಡದೆ ನನ್ನನ್ನು ನೋಡಿ ಹೇಳಿದರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಆ ಸೀಸೆಯನ್ನು ಕೋಳಿಮರಿಯ ಹಾಗೆ ಸೆರಗಿನಲ್ಲಿ ಹಿಡಿದು ಕೂತಿದ್ದೆ.

ನೀರಿನ ಹರವಿಯ ಮಗ್ಗುಲಲ್ಲಿ, ಒದ್ದೆ ಬಟ್ಟೆ ಸುತ್ತಿ ಇಟ್ಟೆವು. ಹೇಳಿದಂತೆಯೇ ಹಾಕಿದೆ. ಮೂರ್ನಾಲ್ಕು ದಿನಕ್ಕೇ ಕೀವು ಕಡಿಮೆಯಾಯಿತು. ಅತ್ತೆ ಬಾಗಿಲ ಬೆಳಕಿಗೆ ಸೂಜಿ ಹಿಡಿದು ತಾನೇ ದಾರ ಪೋಣಿಸಿದಾಗ ನನಗೆ ಅಳುವೇ ಬಂತು. ಆ ಹೊತ್ತಿಗೇ ಗಂಗಕ್ಕ ಒಳಗೆ ಬಂದಳು. ಅವಳ ಮಗಳು ಬಾಣಂತನಕ್ಕೆ ಬಂದಿದ್ದಳು, ಕೂಸಿಗೆ ಕಣ್ಣು ಬಂದಿದ್ದವು.

“ಪಾರಕ್ಕಾ, ಆ ಹನಿ ಔಷಧ ಒಂದೀಟು ಕೊಡ. ಕೂಸು ಕಣ್ಣ ಬಿಡವಲ್ದು.”

“ಅತ್ತಿ, ಕೊಡಬ್ಯಾಡ್ರಿ,” ಎಂದೆ ಬಾಯಿ ಬಿಟ್ಟು. “ಗಂಗಕ್ಕಾ, ಕೂಸಿನ್ನ ದವಾಖಾನಿಗೆ ಕರ್ಕೊಂಡು ಹೋಗ್ರಿ. ಇದು ಇನ್ನೊಬ್ಬರಿಗೆ ಹಾಕೋದಲ್ಲಂತ ಡಾಕ್ಟರ್ ಹೇಳ್ಯಾರ.”

ಅತ್ತೆ ನನ್ನ ಕಡೆ ತಿರುಗಿದಳು. “ಸಣ್ಣ ಕೂಸಿಗೆ ಕಣ್ಣು ಹೋದ್ರ ಹೆಂಗಿರತೈತಿ ಅಂತ ನಿನಗೇನು ಗೊತ್ತೈತಿ? ನನಗ ಗೊತ್ತೈತಿ.” ತಾನೇ ಎದ್ದು ಹೋಗಿ ಸೀಸೆಯನ್ನು ಗಂಗಕ್ಕನ ಕೈಗಿಟ್ಟಳು. ಆಗ ಅದು ಅರ್ಧದಷ್ಟಿತ್ತು. ಸಿಟ್ಟಿನಿಂದ ನನ್ನ ಮೈಯೆಲ್ಲ ಉರಿಯಿತು.

ಅದೇ ಸಂಜೆ ನನ್ನನ್ನು ಕರೆಯಲು ತವರಿನಿಂದ ಗಾಡಿ ಬಂತು. ಮೋಕದಲ್ಲಿ ಅಕ್ಕನ ಮಗುವಿಗೆ ತೊಟ್ಟಿಲು. ಮನಸ್ಸೇ ಇಲ್ಲದೆ ಹೋದೆ. ಅಲ್ಲಿ ಹಾಡು ಹೇಳುವಾಗಲೂ ಆ ಸೀಸೆಯದೇ ಧ್ಯಾನ. ಮೂರನೆಯ ದಿನ ಅಕ್ಕ ಬೈದರೂ ಕೇಳದೆ ಹೊರಟು ಬಂದೆ.

ಬಂದು ನೋಡಿದರೆ ಅತ್ತೆ ಗೋಡೆಗೆ ಮುಖ ಮಾಡಿ ಕೂತಿದ್ದಳು. ಕಣ್ಣ ಮೇಲೆ ಬಟ್ಟೆ. ಕೌದಿ ಅರ್ಧಕ್ಕೇ ಬಿದ್ದಿತ್ತು.

“ಅತ್ತಿ, ಸೀಸಿ ವಾಪಸ್ ಬಂತಿಲ್ಲೋ? ಹನಿ ಹಾಕ್ಕೊಂಡ್ರಿಲ್ಲೋ?”

“ನೀ ಹ್ವಾದ ಮರುದಿನಾನ ತಂದುಕೊಟ್ಲು. ಒಂದು ಹೊತ್ತೂ ತಪ್ಪಿಸಿಲ್ಲವ್ವ. ಆದ್ರ ಹಾಕಿದಷ್ಟೂ ಉರಿ ಹೆಚ್ಚಾಗಾಕಹತ್ತೈತಿ.”

ಬಟ್ಟೆ ಸರಿಸಿ ನೋಡಿದೆ. ಕರಿ ಗುಡ್ಡೆಯ ನಡುವೆ ಸುಣ್ಣದ ಚುಕ್ಕೆಯಂಥದ್ದೊಂದು ಬಿಳಿ. ಹರವಿಯ ಹತ್ತಿರ ಓಡಿ ಸೀಸೆ ತೆಗೆದೆ. ಗಂಗಕ್ಕನ ಮನೆಗೆ ಹೋಗುವಾಗ ಅರ್ಧವಿದ್ದ ಔಷಧ, ಕೂಸಿಗೂ ಹಾಕಿ, ಇಷ್ಟು ದಿನ ಅತ್ತೆಯೂ ಹಾಕಿಕೊಂಡ ಮೇಲೆ, ಅರ್ಧಕ್ಕಿಂತ ಮೇಲಿತ್ತು. ಔಷಧ ತಾನಾಗಿ ಬೆಳೆಯುತ್ತದೆಯೇ? ಸೀಸೆಯನ್ನು ಸೆರಗಿಗೆ ಕಟ್ಟಿಕೊಂಡು ಅತ್ತೆಯನ್ನು ಆಗಲೇ ಬಸ್ಸು ಹತ್ತಿಸಿದೆ.

ಬಳ್ಳಾರಿಯ ಡಾಕ್ಟರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು. ಒಳಗೆ ಮಬ್ಬಾಗಿ, ಹತ್ತಿಯ ಎಳೆಯಂಥವು ತೇಲುತ್ತಿದ್ದವು.

“ಇದು ನಾ ಕೊಟ್ಟ ಔಷಧ ಅಲ್ಲ,” ಎಂದರು. “ಏನು ಬೆರಿಸೀರಿ ಇದರಾಗ?”

ಅತ್ತೆ ನನ್ನ ಮುಖದ ಕಡೆ ತಿರುಗಿದಳು, ನಾನು ಅವಳ ಮುಖ ನೋಡಿದೆ. ಇಬ್ಬರಿಗೂ ಗೊತ್ತಿರಲಿಲ್ಲ. ಆಸ್ಪತ್ರೆಯಲ್ಲೇ ಇಟ್ಟುಕೊಂಡರು. ಸೂಜಿ ಚುಚ್ಚಿದರು, ಹೊಸ ಹನಿ ಹಾಕಿದರು. ಕೀವು ನಿಂತಿತು. ಆದರೆ ಆ ಬಿಳಿ ಕರಗಲಿಲ್ಲ, ಹರಡಿ ಗುಡ್ಡೆಯನ್ನೆಲ್ಲ ಮುಚ್ಚಿಕೊಂಡಿತು. ಬೆಳಕು ಯಾವ ಕಡೆ, ನೆರಳು ಯಾವ ಕಡೆ ಎನ್ನುವುದಷ್ಟೇ ಅತ್ತೆಯ ಪಾಲಿಗೆ ಉಳಿಯಿತು.

ಊರಿಗೆ ಬಂದ ದಿನ ಗಂಗಕ್ಕ ಕೂಸನ್ನು ಎತ್ತಿಕೊಂಡೇ ಓಡಿ ಬಂದಳು. ಕೂಸಿನ ಕಣ್ಣು ಎರಡೂ ಫಳಫಳ ಹೊಳೆಯುತ್ತಿದ್ದವು. ಅತ್ತೆಯ ಕೈ ಹಿಡಿದು ಗೊಳೋ ಎಂದು ಅತ್ತಳು.

“ಯಾವ ಪಾಪಿ ಕಣ್ಣು ಬಿತ್ತೋ ನಿನಗ! ನನ್ನ ಕೂಸಿಗೆ ಕಣ್ಣು ಕೊಟ್ಟಾಕಿ ನೀನು. ನಾನರ ನಿನ್ನ ಸೀಸಿ ಬರಿದು ಕಳಸಲಿಲ್ಲಕ್ಕಾ. ಕೂಸಿಗೆ ಹಾಕಿ ಹಾಕಿ ಔಷಧ ತಳ ಕಂಡಿತ್ತು. ಪಾರಕ್ಕನ ಮನಿಗೆ ಬರಿ ಸೀಸಿ ಹೆಂಗ ಕೊಡಲಿ ಅಂತ, ಹೊಸಾ ಕೊಡದಾಗಿನ ನೀರು, ಬಟ್ಟಿಲೆ ಸೋಸಿ, ಕುತ್ತಿಗಿತನಕ ತುಂಬಿ ಕೊಟ್ಟೆ.”

ನಾನು ಎದ್ದು ನಿಂತೆ. ಏನು ಅನ್ನುತ್ತಿದ್ದೆನೋ ದೇವರೇ ಬಲ್ಲ, ಅವಳ ಕೂದಲಿಗೇ ಕೈ ಹಾಕುತ್ತಿದ್ದೆನೋ ಏನೋ. ಅತ್ತೆಯ ಕೈ ತಡಕಾಡಿ ಬಂದು ನನ್ನ ಮುಂಗೈಯನ್ನು ಬಿಗಿಯಾಗಿ ಹಿಡಿಯಿತು. ಬಳೆ ಒಡೆಯುವಷ್ಟು ಬಿಗಿ.

“ಛಲೋ ಮಾಡಿದಿ ಗಂಗಿ,” ಎಂದಳು. “ಕೂಸಿನ್ನ ಇತ್ಲಾಗ ಕೊಡು.” ತೊಡೆಯ ಮೇಲೆ ಕೂರಿಸಿಕೊಂಡು ಅದರ ರೆಪ್ಪೆಗಳನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿ ನೋಡಿದಳು.

ಗಂಗಕ್ಕ ಹೋದ ಮೇಲೆ ಅತ್ತೆ ನನಗೆ ಹೇಳಿದಳು. “ಈ ಮಾತು ಆಕಿ ಕಿವಿಗೆ ಬಿದ್ರ ಬಾವಿ ನೋಡ್ಕೋತಾಳ. ನಿನ್ನ ಬಾಯಾಗ ಬರಬಾರದು.” ನನ್ನ ಬಾಯಿ ಎಂಥದೆಂದು ಓಣಿಗೆಲ್ಲ ಗೊತ್ತು. ಆದರೂ ಆ ಮಾತನ್ನು ನುಂಗಿದೆ, ವಿಷ ನುಂಗಿದಂತೆ ನುಂಗಿದೆ.

ಅತ್ತೆ ಬೆರಳಿನ ಗುರ್ತಿನಿಂದ ಕೌದಿ ಹೊಲಿಯುವುದನ್ನು ಕಲಿತಳು. ಸಾಲು ಸೊಟ್ಟಗಾದವು, ಮದುವೆ ಮನೆಯವರು ಬರುವುದನ್ನು ಬಿಟ್ಟರು. ಸೂಜಿಗೆ ದಾರ ಪೋಣಿಸುವುದು ಮಾತ್ರ ಅವಳಿಂದ ಆಗಲಿಲ್ಲ. ದಿನಾ ಬೆಳಿಗ್ಗೆ ಗಂಗಕ್ಕ ಬಂದು ಪೋಣಿಸಿಕೊಡುತ್ತಿದ್ದಳು. ನಾನು ಪೋಣಿಸುತ್ತೇನೆಂದರೂ ಬಿಡುತ್ತಿರಲಿಲ್ಲ, ಅಷ್ಟು ಜೀವ ಅವಳಿಗೆ ಅತ್ತೆಯ ಮೇಲೆ.

ಒಂದು ದಿನ ಅತ್ತೆ ಅವಳ ತಂಬಿಗೆಯನ್ನು ಬೋರಲು ಹಿಡಿದು ಕೊಟ್ಟಾಗ ಗಂಗಕ್ಕ ತಡೆಯಲಾರದೆ ಅಂದಳು. “ಹಿಂಗ ಬರಿದು ಕೊಡಬ್ಯಾಡಕ್ಕಾ. ಒಂದು ಹನಿ ನೀರರ ಹಾಕು. ಬರಿದು ಕೊಟ್ರ ಮನಿಗೆ ಕೇಡು.”

“ಬರಿದಾ ಇರಲಿ ಬಿಡು ಗಂಗಿ,” ಎಂದಳು ಅತ್ತೆ. “ಒಳಗ ಏನೂ ಇಲ್ಲ ಅನ್ನೋದಾದ್ರೂ ಗೊತ್ತಿರತೈತಿ.”

ಗಂಗಕ್ಕನಿಗೆ ಏನೂ ತಿಳಿಯಲಿಲ್ಲ. ಸೂಜಿಗೆ ದಾರ ಪೋಣಿಸಿ ಗಂಟು ಹಾಕಿ ಅತ್ತೆಯ ಬೆರಳ ನಡುವೆ ಇಟ್ಟಳು.