ಎರೆಮಣ್ಣಿಗೆ ಒಗ್ಗದ ಸೈಕಲ್ಲು

ಎಪ್ಪತ್ತರ ದಶಕದ ಕೊನೆಯಲ್ಲಿ ಯಲಬುರ್ಗಾದ ದನದ ದವಾಖಾನೆಯಲ್ಲಿ ನನಗೆ ನೌಕರಿ ಸಿಕ್ಕಿತು. ಹಳ್ಳಿಹಳ್ಳಿಗೆ ಹೋಗಿ, ಗಂಟಲುಬೇನೆ ಬಾರದಂತೆ ದನಗಳಿಗೆ ಸೂಜಿ ಹಾಕುವುದು ಕೆಲಸ. ಸುದ್ದಿ ಕೇಳಿ ಪುಣೆಯಲ್ಲಿದ್ದ ಸೋದರಮಾವ ತಾನು ಓಡಿಸುತ್ತಿದ್ದ ಸೈಕಲ್ಲನ್ನೇ ರೈಲಿಗೆ ಹಾಕಿ ಕಳಿಸಿದ. ದೂರದ ಸವಾರಿಗೆಂದೇ ಮಾಡಿದ್ದು. ಬೆರಳ ದಪ್ಪದ ಟೈರು, ಟಗರಿನ ಕೊಂಬಿನಂತೆ ಬಾಗಿದ ಹ್ಯಾಂಡಲ್. ಕೊಪ್ಪಳ ಸ್ಟೇಷನ್ನಿನಿಂದ ಡಾಂಬರಿನ ಮೇಲೆ ಹಾರಿಕೊಂಡು ಬಂತು. ನಾನು ಹಿಗ್ಗಿದ್ದು ಅದೊಂದೇ ದಿನ.

ಮೊದಲ ಹಳ್ಳಿಗೆ ಹೊರಟ ಹಿಂದಿನ ರಾತ್ರಿ ಮಳೆಯಾಗಿತ್ತು. ಬಂಡಿದಾರಿಗೆ ಇಳಿದದ್ದೇ ತಡ, ಎರೆಮಣ್ಣು ಮಡ್‌ಗಾರ್ಡಿನೊಳಗೆ ತುಂಬಿ ಗಾಲಿ ನಿಂತಿತು. ಕಡ್ಡಿಯಿಂದ ಕೆದರಿ ಹತ್ತು ಮಾರು ಹೋದೆ, ಮತ್ತೆ ನಿಂತಿತು. ಆಮೇಲೆ ಜಾಲಿಮುಳ್ಳು ಚುಚ್ಚಿ ಗಾಳಿಯೂ ಹೋಯಿತು. ಬೈಯುತ್ತ ಸೈಕಲ್ಲನ್ನು ಹೆಗಲಿಗೇರಿಸಿ ನಡೆದೆ. ಊರು ಮುಟ್ಟಿದಾಗ ಮಧ್ಯಾಹ್ನ ಮೀರಿತ್ತು. ಲಸಿಕೆ ಇಟ್ಟು ತಂದಿದ್ದ ಥರ್ಮಾಸ್ ತೆರೆದರೆ ಬರ್ಫವೆಲ್ಲ ಕರಗಿ, ನೀರೂ ಬೆಚ್ಚಗಾಗಿತ್ತು. ಕಾವು ತಾಗಿದ ಲಸಿಕೆಯನ್ನು ಹಾಕುವಂತಿಲ್ಲ. ಊರಬಾಗಿಲ ಅಗಸಿಯಲ್ಲಿ ದನ ಹಿಡಿದು ನಿಂತವರ ಎದುರೇ ಮಣ್ಣಿಗೆ ಸುರಿದೆ.

ಎಮ್ಮೆಯ ಹಗ್ಗ ಹಿಡಿದಿದ್ದ ಮುದುಕಿಯೊಬ್ಬಳು ಕೇಳಿದಳು: "ಮುಂಜಾನಿಂದ ಕೂಲಿ ಬಿಟ್ಟು ನಿಂತೀವ್ರಿ. ಚೆಲ್ಲೂದಾದ್ರ ಇಲ್ಲೀತನಕ ಯಾಕ ತಂದ್ರಿ?"

"ಅದು ಕೆಟ್ಟು ಹೋಗೇತಿ ಯವ್ವಾ. ಹಾಕಿದ್ರ ಉಪಯೋಗಿಲ್ಲ," ಎಂದೆ. ಯಾರೂ ನಂಬಲಿಲ್ಲ.

ಹಳ್ಳಿದಾರಿಗೆಂದರೆ ಬಾಡಿಗೆ ಸೈಕಲ್ಲು ಯಾರೂ ಕೊಡುತ್ತಿರಲಿಲ್ಲ. ಮರುದಿನ ಇದನ್ನೇ ಸೈಕಲ್ ರಿಪೇರಿ ಮಾಡುವ ಚಾಚಾನ ಮುಂದೆ ತಂದು ನಿಲ್ಲಿಸಿದೆ.

"ದಪ್ಪ ಟೈರ್ ಹಾಕ್ರಿ."

"ಈ ರಿಮ್ಮಿಗೆ ನಮ್ಮ ಕಡೆ ಟೈರ್ ಕೂಡಂಗಿಲ್ರಿ ಸಾಹೇಬ್ರ."

"ಹಂಗಾದ್ರ ಗಾಲೀನ ಬದಲ್ ಮಾಡ್ರಿ."

ಬದಲಾದ ಮುಂದಿನ ಗಾಲಿ, ಅದನ್ನು ಎರಡೂ ಬದಿಗೆ ಹಿಡಿಯುವ ಚಿಮಟಾದ ನಡುವೆ ತಿರುಗಲಿಲ್ಲ. ಅಗಲದ ಚಿಮಟಾ ಗಂಗಾವತಿಯಿಂದ ಬರಬೇಕಾಯಿತು. ಅದು ಬಂದ ಮೇಲೆ ಬ್ರೇಕು ರಿಮ್ಮಿಗೆ ತಾಗಲಿಲ್ಲ. ದಿನಾ ಸಂಜೆ ಹೋಗಿ ನಿಂತರೆ, "ಇನ್ನೊಂದರ್ಧ ತಾಸ್ರಿ" ಎಂಬ ಮಾತು. ಒಂದು ಸಂಜೆ ತಡೆಯಲಾರದೆ ಅವನ ಕೈಯಿಂದ ಪಾನಾ ಕಿತ್ತುಕೊಂಡು ಬ್ರೇಕಿನ ನಟ್ಟನ್ನು ನಾನೇ ಬಿಗಿದೆ. ನಟ್ಟು ಕೆಟ್ಟು ಕೂತಿತು. ಮತ್ತೆರಡು ದಿನ ತಡ.

"ಸಿಟ್ಟಿದ್ರ ನನ್ನ ಮ್ಯಾಲ ಮಾಡ್ರಿ," ಎಂದ ಚಾಚಾ, "ನಟ್ಟಿನ ಮ್ಯಾಲ ಬ್ಯಾಡ."

ಕೊನೆಗೆ ಚಾಚಾ ಬ್ರೇಕು ಕೂಡಿಸಿ ಮಡ್‌ಗಾರ್ಡು ತೆಗೆದ, ನೆಟ್ಟಗಿನ ಹ್ಯಾಂಡಲ್ ಕೂಡಿಸಿದ, ಮುಳ್ಳಿಗೆ ಅಡ್ಡವಾಗಿ ಟೈರಿನೊಳಗೆ ಹಳೆಯ ಟೈರಿನ ಪಟ್ಟಿ ಹಾಸಿದ. ಮಾವನ ಸೈಕಲ್ಲಿನಲ್ಲಿ ಉಳಿದದ್ದು ಫ್ರೇಮು, ಸೀಟು ಅಷ್ಟೇ. ಥರ್ಮಾಸಿಗೆ ಹಸಿ ಗೋಣಿಚೀಲ ಸುತ್ತಿ ಬೆನ್ನಿಗೆ ಕಟ್ಟಿಕೊಂಡು ನಸುಕಿನಲ್ಲೇ ಅದೇ ಊರಿಗೆ ಹೊರಟೆ. ಎಲ್ಲೂ ಇಳಿಯದೆ ಮುಟ್ಟಿದೆ.

ಅಗಸಿಯಲ್ಲಿ ಯಾರೂ ಇರಲಿಲ್ಲ. ಮುದುಕಿಯ ಮನೆ ಹುಡುಕಿ ಹೋದರೆ ಎಮ್ಮೆಯ ಗೂಟ ಖಾಲಿಯಿತ್ತು.

"ಮೊನ್ನಿ ಹೋತ್ರಿ. ಗಂಟ್ಲಾ ಬಾತು ಒಂದ ದಿನಕ್ಕ ಹೋತು," ಎಂದಳು.

ಬೆನ್ನಿನ ಥರ್ಮಾಸ್ ಇಳಿಸಿ ಲಸಿಕೆಯ ಬಾಟಲಿ ಹೊರತೆಗೆದೆ. ಎರಡು ವಾರ ನಟ್ಟು, ಚಿಮಟಾ ಎಂದು ಕಾದದ್ದೆಲ್ಲ ಎದೆಗೆ ಒತ್ತಿತು. ಆಕೆ ಕೈಚಾಚಿ ಬಾಟಲಿ ಮುಟ್ಟಿ ನೋಡಿದಳು. ಆಮೇಲೆ ಓಣಿಗೆ ಬಂದು ಕೂಗಿದಳು: "ದನಾ ಹಿಡಕೊಂಡು ಬರ್ರಿ. ಇವತ್ತ ಔಷಧ ತಣ್ಣಗೈತಿ."

ಒಬ್ಬೊಬ್ಬರೇ ಬಂದರು. ಮಂದಿಯ ದನಗಳ ಕೊಂಬನ್ನು ತಾನೇ ಹಿಡಿದು ನಿಂತಳು. ನಾನು ಆಕೆಯ ಮುಖ ನೋಡಲಾರದೆ ಸಿರಿಂಜು ತುಂಬಿಸುತ್ತ ಹೋದೆ.