ಭಾವನ ಕಾರಿನ ಗುಡುಗುಡು

ಮನೆಯ ಸದ್ದುಗಳಿಗೆ ನಮ್ಮ ಕಿವಿ ಎಷ್ಟು ಬೇಗ ಒಗ್ಗಿಹೋಗುತ್ತದೆ ನೋಡಿ. ಅರಕಲಗೂಡಿನ ನಮ್ಮ ಮನೆಯಲ್ಲಿ ರಾಟೆ ಕಿರುಗುಟ್ಟಿದರೆ ಬೆಳಗಾಯಿತೆಂದೂ ಅಟ್ಟದ ಹಲಗೆ ಲಟಕ್ಕೆಂದರೆ ಬೆಕ್ಕು ಬಂತೆಂದೂ ಯಾರನ್ನೂ ಕೇಳದೆ ತಿಳಿಯುತ್ತಿತ್ತು. ಗುರುತು ಹತ್ತದ ಸದ್ದೊಂದು ಸಂಸಾರವನ್ನೇ ಹೇಗೆ ಕಂಗೆಡಿಸಬಲ್ಲದೆಂದು ನನಗೆ ಗೊತ್ತಾದದ್ದು ಅರವತ್ತರ ದಶಕದ ಮೊದಲಲ್ಲಿ, ನಮ್ಮ ಭಾವ ಕಾರು ಕೊಂಡ ಮೇಲೆ.

ಭಾವನೆಂದರೆ ಅಕ್ಕನ ಗಂಡ, ಹಾಸನದಲ್ಲಿ ಆಲೂಗಡ್ಡೆ ಮಂಡಿ ಇಟ್ಟಿದ್ದವರು. ಕಾಫಿ ತೋಟದವರೊಬ್ಬರ ಹಳೆಯ ಕಾರನ್ನು ಕೊಂಡು, ನಮ್ಮ ಮನೆಯಲ್ಲಿ ಬಾಣಂತನ ಮುಗಿಸಿದ್ದ ಅಕ್ಕನನ್ನೂ ಕೂಸನ್ನೂ ಅದರಲ್ಲೇ ಕರೆದೊಯ್ಯಲು ಬಂದರು. ಅವ್ವ ಮಗಳಿಗೆ ಮಡಿಲು ತುಂಬಿ ಕಾರು ಹತ್ತಿಸಿದಳು. ಹೆರಿಗೆ ಸುಸೂತ್ರವಾದರೆ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿಗೆ ಮಡಿಲಕ್ಕಿ ಕೊಡುತ್ತೇನೆಂದು ಅವ್ವ ಹರಕೆ ಹೊತ್ತಿದ್ದಳು. ಬಸ್ಸಿನ ಮೆಟ್ಟಿಲು ಹತ್ತಲು ಮಂಡಿನೋವು ಬಿಡುತ್ತಿರಲಿಲ್ಲ.

"ನನ್ನೂ ಒಂದ್ಸಲ ಕರ್ಕಂಡೋಗಕ್ಕೆ ಯೋಳ್ಲಾ ನಿಮ್ ಭಾವಂಗೆ" ಎಂದಳು ನನಗೆ. ಭಾವ ಅಲ್ಲೇ ನಿಂತಿದ್ದರು! ನಮ್ಮ ಕಡೆ ಅತ್ತೆ, ಅಳಿಯ ಎದುರೆದುರು ಮಾತಾಡುವುದುಂಟೆ? "ಮುಂದಿನ್ ವಾರ ಬತ್ತೀನಿ ಅನ್ನಪ್ಪ" ಎಂದು ಅವರೂ ನನಗೇ ಹೇಳಿದರು. ಇಬ್ಬರ ಕಿವಿಗೂ ಬಿದ್ದ ಮಾತನ್ನು ನಾನು ಮತ್ತೊಮ್ಮೆ ಇಬ್ಬರಿಗೂ ಒಪ್ಪಿಸಿದೆ.

ಸದ್ದು ಶುರುವಾದದ್ದು ಆಮೇಲೆ. ಭಾವ ಒಬ್ಬರೇ ಹೋಗುವಾಗ ಹಿಂದಿನಿಂದ ಗುಡುಗುಡು. ಕೇಳೋಣವೆಂದು ಯಾರಾದರೂ ಹಿಂದಿನ ಸೀಟಿನಲ್ಲಿ ಕೂತರೆ ಮಾಯ. ರಜೆಯಲ್ಲಿ ನಾನೂ ಹೊಳೆನರಸೀಪುರದವರೆಗೆ ಕಿವಿಯನ್ನು ಸೀಟಿಗೆ ಒತ್ತಿಕೊಂಡು ಕೂತೆ. ಊಹೂಂ! ಮುಂದಕ್ಕೆ ಬಂದು ಕೂತದ್ದೇ ತಡ, ಶನಿ ಮತ್ತೆ ಗುಡುಗುಡು ಎಂದಿತು. ಹಾಸನದ ಗ್ಯಾರೇಜಿನ ಮೇಸ್ತ್ರಿ ಚಕ್ರ ಬಿಚ್ಚಿದ, ಸ್ಪ್ರಿಂಗಿನ ಪಟ್ಟೆ ಬದಲಿಸಿದ, ಕೊನೆಗೆ ತಲೆ ಕೆರೆದುಕೊಂಡು, "ಭಾರ ಬಿದ್ದಾಗ ಸುಮ್ಕಾಯ್ತದೆ ಅಂದ್ರೆ ರೋಗ ಒಳಗೈತೆ ಸಾ, ಉಸಾರು" ಎಂದ. ಆ ಒಂದು ಮಾತು ಭಾವನ ಎದೆಯಲ್ಲಿ ಕೂತುಬಿಟ್ಟಿತು.

"ಹೆಣ್ ಕೊಟ್ಟ ಅತ್ತೆ ಕಣಪ್ಪ. ದಾರೀಲಿ ಚಕ್ರಗಿಕ್ರ ಕಳಚ್ಕಂಡ್ರೆ ಯಾವ್ ಮುಖ ತೋರ್ಸ್ಲಿ? ಸದ್ದು ಓಗ್ಲಿ ಅನ್ನು" ಎನ್ನುತ್ತಿದ್ದರು. ನಾನು ಅದನ್ನೇ ಅವ್ವನಿಗೆ ಮುಟ್ಟಿಸುತ್ತಿದ್ದೆ. "ಎತ್ತಿನ್ ಗಾಡಿ ಸದ್ ಮಾಡಲ್ವೇನ್ಲಾ? ನಾನೇನ್ ಕಿವಿ ಮುಚ್ಕತೀನಿ ಬುಡು" ಎಂದು ಮೊದಮೊದಲು ನಗುತ್ತಿದ್ದಳು. ಬರಬರುತ್ತಾ ಕೇಳುವುದನ್ನೇ ಬಿಟ್ಟಳು. ಅಳಿಯನಿಗೆ ಮನಸ್ಸಿಲ್ಲವೆಂದುಕೊಂಡಳೋ ಏನೋ, ಆ ಸಂಕಟ ನನ್ನನ್ನು ಇಂದಿಗೂ ಬಿಟ್ಟಿಲ್ಲ. ಮಾರ್ಗಶಿರದ ಚಳಿಗೆ ಕೆಮ್ಮು ಹಿಡಿದು ಮಲಗಿದವಳು ಏಳಲಿಲ್ಲ. ಹರಕೆ ಹಾಗೇ ಉಳಿಯಿತು.

ಚಕ್ರವನ್ನೂ ಪಟ್ಟೆಯನ್ನೂ ಬಿಚ್ಚಿ ನೋಡಿದ ನಮಗೆ ಸೀಟು ಎತ್ತಿ ನೋಡಬೇಕೆಂದು ಏಕೆ ತೋಚಲಿಲ್ಲವೋ! ಕಬ್ಬಿಣದ ಭಾಗ ಮಾತ್ರ ಕೆಡುತ್ತದೆಂದೇ ನಂಬಿದ್ದೆವು. ತಿಥಿಯ ಅಕ್ಕಿ ಮೂಟೆಗೆ ಜಾಗ ಸಾಲದೆ ಭಾವ ಹಿಂದಿನ ಸೀಟನ್ನೇ ಕಿತ್ತು ಹೊರಗಿಟ್ಟಾಗ, ಅದರಡಿಯ ತಗ್ಗಿನಿಂದ ಅರಿಶಿನ ಮೆತ್ತಿದ ಒಂದು ಉಂಡೆ ಕೊಬ್ಬರಿ ಉರುಳಿ ಬಂತು. ಯಾರಾದರೂ ಕೂತರೆ ಸೀಟು ಅದನ್ನು ಅದುಮಿ ಹಿಡಿಯುತ್ತಿತ್ತು, ಎದ್ದರೆ ಅದು ಉರುಳಾಡುತ್ತಿತ್ತು, ಅಷ್ಟೇ.

ಅಕ್ಕ ಅದನ್ನು ಕಂಡವಳೇ ಎತ್ತಿಕೊಂಡು ಸೆರಗಿನಿಂದ ಒರೆಸಿದಳು. "ನನ್ ಮಡ್ಲಕ್ಕೀದು ಕಣ್ಲಾ. ಊರಿಗೋಗಿ ಗಂಟು ಬಿಚ್ಚುದ್ರೆ ಒಂದ್ ಕಮ್ಮಿ. ಅವ್ವ ತುಂಬಿದ್ ಮಡ್ಲಕ್ಕಿ ಕಳ್ಕಂಡೆ ಅಂದ್ರೆ ಅಪಶಕುನ ಅಂತ ಕೊರಗ್ತಾಳೆ ಅಂತ ಯಾರ್ಗೂ ಬಾಯ್ ಬುಡ್ಲಿಲ್ಲ."

ಯಾರನ್ನು ದೂರುವುದು ಹೇಳಿ? ತಾಯಿ ನೋಯಬಾರದೆಂದು ಮಗಳು ಬಾಯಿ ಮುಚ್ಚಿಕೊಂಡಳು, ಅತ್ತೆಗೆ ಅಪಾಯವಾಗಬಾರದೆಂದು ಅಳಿಯ ಕಾರು ಹತ್ತಿಸಲಿಲ್ಲ. ಇಬ್ಬರ ಅಕ್ಕರೆಯ ನಡುವೆ ಅವ್ವ ಬಾಗಿಲಲ್ಲೇ ಉಳಿದುಬಿಟ್ಟಳು.

ಭಾವ ಆ ಕೊಬ್ಬರಿಯನ್ನು ಅಕ್ಕನಿಂದ ತೆಗೆದುಕೊಂಡು ಅಂಗೈಯಲ್ಲಿಟ್ಟುಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಅತ್ತೆ ಕೂತಿದ್ರೆ ಸದ್ದೇ ಇರ್ತಿರಲಿಲ್ಲ ಕಣಪ್ಪ. ತಪ್ಪಾಯ್ತು ಅನ್ನು" ಎಂದರು.

ಯಾರಿಗೆ ಅನ್ನಲಿ?