ಹೆರಿಗೆ ನೋವಿಗೆ ತಿದ್ದುಪಡಿ

ಸೊಕ್ಕೆ, ಸಾಸ್ವೆಹಳ್ಳಿ ಕಡೆ ನರ್ಸಾಗಿ ದುಡಿದು ನಿವೃತ್ತಳಾದ ಮೇಲೆ, ಹೊನ್ನಾಳಿಯ ಮನೆಯಲ್ಲಿ ಕೂತು ನಾನು ಮಾಡಿಸಿದ ಹೆರಿಗೆಗಳ ಬಗ್ಗೆ ಬರೆದೆ. ದಾವಣಗೆರೆಯ ಒಬ್ಬ ಪ್ರಕಾಶಕರಿಗೆ ಕಳಿಸಿದೆ. ತಿಂಗಳುಗಟ್ಟಲೆ ಉತ್ತರವಿಲ್ಲ.

ಆಗ ದಾರಿ ತೋರಿಸಿದವರು ಚನ್ನಗಿರಿಯ ನನ್ನ ಭಾವ, ಅಕ್ಕನ ಗಂಡ. ಅಡಿಕೆ ವ್ಯಾಪಾರಿ. ಅವರ ಕವನಗಳನ್ನು ಬೆಂಗಳೂರಿನ ಒಂದು ಕಂಪನಿ ಅವರದೇ ದುಡ್ಡಿನಲ್ಲಿ ಪುಸ್ತಕ ಮಾಡಿಕೊಟ್ಟಿತ್ತು. ಮದುವೆ, ಗೃಹಪ್ರವೇಶ ಎನ್ನದೆ ಕಂಡವರ ಕೈಗೆಲ್ಲ ಅದನ್ನು ತುರುಕುತ್ತಿದ್ದರು. ಇಸಕೊಂಡವರಲ್ಲಿ ಓದಿದವರನ್ನು ನಾನು ಕಂಡಿಲ್ಲ. ಉಳಿದ ಪ್ರತಿಗಳು ರಟ್ಟಿನ ಡಬ್ಬಗಳಲ್ಲಿ ಮಂಚದಡಿ ಬಿದ್ದಿದ್ದವು. ಕಸ ಗುಡಿಸುವಾಗ ಅಕ್ಕ ಅವನ್ನು ಕಾಲಲ್ಲೇ ಒಳಕ್ಕೆ ತಳ್ಳುತ್ತಿದ್ದಳು.

ಭಾವನ ಒತ್ತಾಯಕ್ಕೆ ಅದೇ ಕಂಪನಿಗೆ ನನ್ನ ಬರಹ ಕಳಿಸಿದೆ. ಮರುದಿನ ಬೆಳಿಗ್ಗೆಯೇ ಫೋನು.

“ಮೇಡಂ, ನಿಮ್ಮ ಬರವಣಿಗೆ ಓದಿ ಕಣ್ಣಲ್ಲಿ ನೀರು ಬಂತು,” ಎಂದ ಆ ಕಡೆಯ ಹುಡುಗ.

“ಓದ್ತಾ ಯಾವ ಕಡೆ ಬಂತಪ್ಪ?”

“ಎಲ್ಲಾ ಕಡೆ, ಮೇಡಂ.”

ಆಮೇಲೆ ಬೆಳ್ಳಿ, ಚಿನ್ನ, ವಜ್ರ ಎಂದು ಪ್ಯಾಕೇಜುಗಳನ್ನು ಒಪ್ಪಿಸಿದ. ವಜ್ರಕ್ಕೆ ದುಡ್ಡು ಕಟ್ಟಿದವರಿಗೆ ಬಿಡುಗಡೆ ಸಮಾರಂಭ, ಶಾಲು, ಜೊತೆಗೊಂದು ಪ್ರಶಸ್ತಿ. ಪುಸ್ತಕ ಅಚ್ಚಾಗುವ ಮೊದಲೇ ಪ್ರಶಸ್ತಿ ಖಾತ್ರಿ. ನನಗೆ ಹೇಸಿಗೆಯಾಯಿತು. ಆದರೂ ಫೋನು ಇಡಲಿಲ್ಲ. ಮುಖಪುಟದ ಮೇಲೆ ನನ್ನ ಹೆಸರು ನೋಡುವ ಆಸೆ ನನಗೂ ಇತ್ತು. ಮಾದರಿಗೆ ಒಂದು ಅಧ್ಯಾಯ ತಿದ್ದಿ ಕಳಿಸಿ ಎಂದೆ.

ಅವರು ಆರಿಸಿಕೊಂಡದ್ದು ಸೊಕ್ಕೆಯ ಒಬ್ಬಳ ಚೊಚ್ಚಲ ಹೆರಿಗೆಯನ್ನು. ಉರಿಬಿಸಿಲಿನ ಮಧ್ಯಾಹ್ನ ಅವಳು ನನ್ನ ತುರುಬು ಹಿಡಿದೆಳೆದು ಗಂಡನಿಗೆ, ಅತ್ತೆಗೆ, ಕೊನೆಗೆ ನನಗೂ ಬೈದಿದ್ದಳು. ಬೈದ ಹಾಗೆಯೇ ಬರೆದಿದ್ದೆ. ಕಂಪನಿಯ ತಿದ್ದುಪಡಿಯಲ್ಲಿ ಹೊರಗೆ ಗುಡುಗುತ್ತಿತ್ತು, ಮಿಂಚುತ್ತಿತ್ತು. ಅವಳು ಕೈಮುಗಿದು, “ಓ ಪ್ರಕೃತಿ ಮಾತೆಯೇ, ಸೃಷ್ಟಿಯ ಈ ಮಧುರ ಯಾತನೆಯನ್ನು ಸ್ವೀಕರಿಸಿದ್ದೇನೆ” ಎನ್ನುತ್ತಿದ್ದಳು. ಹೆರಿಗೆ ಕೋಣೆಯ ಬಾಗಿಲು ಕೂಡ ಕಾಣದವರು ಬರೆದದ್ದು.

ಆ ವಾರ ಮದುವೆಯೊಂದಕ್ಕೆ ಜಗಳೂರಿಗೆ ಹೋಗಿದ್ದೆ. ಆ ಹೆಂಗಸು ಈಗ ಅಲ್ಲಿನ ಬಸ್‌ಸ್ಟ್ಯಾಂಡ್ ಬಳಿ ಗಂಡನ ಜೊತೆ ಮಂಡಕ್ಕಿ, ಮೆಣಸಿನಕಾಯಿ ಅಂಗಡಿ ಇಟ್ಟಿದ್ದಾಳೆ. ಮೊಬೈಲ್ ತೆಗೆದು ಅವಳಿಗೆ ಆ ತಿದ್ದುಪಡಿಯನ್ನು ಓದಿ ಹೇಳಿದೆ.

“ಯಾರ್ರೀ ಇದು, ನರ್ಸಮ್ಮ?”

“ನೀನೇ.”

“ನಾನ್ಯಾಕೆ ಹಂಗಂತೀನಿ? ಹೆರಾಕೆ ಬಂದೋಳು ಪುರಾಣ ಹೇಳಾಕೆ ಕೂರ್ತಾಳಾ?”

ಆಮೇಲೆ ನಾನು ಬರೆದದ್ದನ್ನು ಓದಿದೆ. ಅವಳು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಬಾಣಲೆ ಮುಂದಿದ್ದ ಗಂಡನನ್ನು ಕೂಗಿದಳು. “ಕೇಳ್ರಿ ಇಲ್ಲಿ. ಹತ್ರ ಬಂದ್ರೆ ಕಾಲು ಮುರೀತೀನಿ ಅಂದಿದ್ದೆ ನಿಮಗೆ. ಅದನ್ನ ಬರ್ದಾರೆ. ಇರ್ಲೋ, ಬ್ಯಾಡೋ?”

“ಊರಿಗೆಲ್ಲ ಗೊತ್ತಿರೋದೇ ಐತೆ. ಇರ್ಲಿ ಬಿಡು,” ಎಂದ ಆತ, ಕೈಯಲ್ಲಿದ್ದ ಜಾಲರಿ ಸೌಟು ಬಿಡದೆ.

ಅಲ್ಲಿಂದಲೇ ಕಂಪನಿಗೆ ಫೋನು ಮಾಡಿ ಬೇಡವೆಂದೆ. ಹುಡುಗ ಕೂಡಲೇ ರಿಯಾಯಿತಿಗೆ ಇಳಿದ. ಆಗಲೂ ಅವನ ಕಣ್ಣು ತುಂಬಿತ್ತೋ ಏನೋ, ಕೇಳಲಿಲ್ಲ.

ಭಾವ ಸಿಟ್ಟಾದರು. “ಅಡಿಕೆ ಮಾರಾಕೆ ದಲಾಲಿ ಕೊಡಲ್ವೇನಮ್ಮ? ಪುಸ್ತಕಕ್ಕೆ ಕೊಟ್ರೆ ತಪ್ಪೇನೈತೆ?”

“ಮಂಡಿಯೋರು ಚೀಲ ಬಿಚ್ಚಿ ಅಡಿಕೆ ನೋಡ್ತಾರೆ, ಭಾವ. ಇವ್ರು ಬಿಚ್ಚೇ ಇಲ್ಲ.”

ಮಳೆಗಾಲದ ಹೊತ್ತಿಗೆ ದಾವಣಗೆರೆಯ ಪ್ರಕಾಶಕರು ಫೋನು ಮಾಡಿದರು. ಓದಲು ತಡವಾಯಿತು ಎಂದರು. “ಹೆರಿಗೆ ಮಾಡಿಸೋವಾಗ ಚೆನ್ನಾಗಿ ಬರೀತೀರಿ. ಮೂರನೇ ಅಧ್ಯಾಯದಲ್ಲಿ ಉಪದೇಶ ಶುರು ಮಾಡ್ತೀರಿ. ಅಲ್ಲಿ ನಂಗೆ ನಿದ್ದೆ ಬಂತು. ಈಗಿರೋ ಹಂಗೆ ಹಾಕಾಕೆ ಆಗಲ್ಲ.”

ಮೈ ಉರಿಯಿತು. ನಾಲ್ಕಾರು ದಿನ ಬರೆದದ್ದನ್ನು ಮುಟ್ಟಲಿಲ್ಲ. ಆಮೇಲೆ ಆ ಅಧ್ಯಾಯ ತೆಗೆದು ನೋಡಿದೆ. ಆಯಪ್ಪ ಹೇಳಿದ್ದು ನಿಜ. ಬಸುರಿಯರು ಹೇಗಿರಬೇಕು, ಅತ್ತೆಯರು ಹೇಗಿರಬೇಕು ಎಂದು ಪುಟಗಟ್ಟಲೆ ಕೊರೆದಿದ್ದೆ. ಅಷ್ಟನ್ನೂ ಕಿತ್ತುಹಾಕಿ ಮತ್ತೆ ಕಳಿಸಿದೆ. ಇನ್ನೂ ಉತ್ತರ ಬಂದಿಲ್ಲ.

ಭಾವನ ಎರಡನೆಯ ಸಂಕಲನ ಮೊನ್ನೆ ಬಿಡುಗಡೆಯಾಯಿತು. ಕೆಳಗೆ ಕೂತವರಿಗಿಂತ ವೇದಿಕೆಯ ಮೇಲಿದ್ದವರೇ ಹೆಚ್ಚು. ಈ ಸಲ ವಜ್ರದ್ದು.